ಹಿಮ್ಮಡಿ ಮೊದಲು

ಪ್ಲಾಸ್ಟರ್ ಬಿಚ್ಚಿದ ದಿನ ನನ್ನ ಎಡಗಾಲು ನನಗೇ ಗುರುತು ಸಿಗಲಿಲ್ಲ. ಆರು ವಾರದಲ್ಲಿ ಮೀನಖಂಡ ಕರಗಿಹೋಗಿತ್ತು. ಚರ್ಮ ಬಿಳಿಚಿಕೊಂಡು ಹೊಟ್ಟು ಏಳುತ್ತಿತ್ತು. ಬಲಗಾಲಿನ ಪಕ್ಕ ಇಟ್ಟು ನೋಡಿದರೆ ಬೇರೆ ಯಾರದೋ ಕಾಲು ತಂದು ಜೋಡಿಸಿದ ಹಾಗಿತ್ತು. "ಇನ್ನು ನಡೀಬಹುದು" ಅಂದರು ಡಾಕ್ಟರು. ಎದ್ದು ನಿಂತೆ. ಹೆಜ್ಜೆ ಇಡೋಣ ಅಂದರೆ ಕಾಲು ಏಳಲಿಲ್ಲ. ನೋವಿಗಲ್ಲ. ಹೇಗೆ ಇಡಬೇಕು ಅನ್ನೋದೇ ತಿಳಿಯಲಿಲ್ಲ.

ಬಿದ್ದದ್ದು ಮೆಟ್ಟಿಲ ಮೇಲೆ. ಇಳಿಯುತ್ತಾ ಫೋನಿನಲ್ಲಿ ಒಂದು ಮೆಸೇಜ್ ಓದುತ್ತಿದ್ದೆ. ಮೆಟ್ಟಿಲು ಮುಗೀತು ಅಂದುಕೊಂಡು ಕಾಲಿಟ್ಟೆ, ಇನ್ನೊಂದು ಬಾಕಿ ಇತ್ತು. ಪಾದ ತಿರುಚಿಕೊಂಡಿತು, ಹರಡಿನ ಹತ್ತಿರದ ಮೂಳೆ ಬಿರುಕು ಬಿಟ್ಟಿತು. ಮೆಸೇಜಿನಲ್ಲಿ ಏನಿತ್ತು ಅಂತ ಈಗ ನೆನಪಿಲ್ಲ. 11 ವರ್ಷದಿಂದ ದಿನಾ ಹತ್ತಿ ಇಳಿದ ಮೆಟ್ಟಿಲುಗಳು ಅವು. ಎಷ್ಟಿವೆ ಅಂತ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. 14. ಈಗ ಗೊತ್ತು.

ಫಿಸಿಯೋಥೆರಪಿಗೆ ಹೋದಲ್ಲಿ ನನಗೆ ನಡಿಗೆ ಕಲಿಸಿದ್ದು ವಯಸ್ಸಿನಲ್ಲಿ ನನಗಿಂತ ತುಂಬಾ ಚಿಕ್ಕ ಹುಡುಗಿ. ಎರಡೂ ಕಡೆ ಹಿಡಿದುಕೊಳ್ಳೋ ಕಂಬಿ, ನಡುವೆ ನಾನು, ಎದುರಿಗೆ ಅವಳು. ನಾನು ಪಾದವನ್ನೇ ನೋಡುತ್ತಾ ಕಾಲು ಎತ್ತುತ್ತಿದ್ದೆ. "ಕೆಳಗೆ ನೋಡ್ಬೇಡಿ ಮೇಡಂ. ಕಾಲು ಎಲ್ಲಿದೆ ಅಂತ ಕಾಲಿಗೇ ಗೊತ್ತಿರುತ್ತೆ. ಹಿಮ್ಮಡಿ ಮೊದಲು. ಆಮೇಲೆ ನಿಧಾನಕ್ಕೆ ಅಂಗಾಲು. ಕೊನೆಗೆ ಹೆಬ್ಬೆರಳಿಂದ ನೆಲ ತಳ್ಳಿ." ಅಷ್ಟೇ. ದಿನಕ್ಕೆ ಹತ್ತಾರು ಸಲ ಇದೇ ಮಾತು. ಹಿಮ್ಮಡಿ, ಅಂಗಾಲು, ಹೆಬ್ಬೆರಳು.

ಒಂದು ಪಾದದಲ್ಲಿ 26 ಮೂಳೆಗಳಿವೆ ಅಂತ ಅವಳೇ ಹೇಳಿದ್ದು. ಒಂದು ಪಾದ ಹಿಮ್ಮಡಿ ಊರಿದಾಗಿನಿಂದ ಅದೇ ಹಿಮ್ಮಡಿ ಮತ್ತೆ ಊರುವವರೆಗಿನ ಹೊತ್ತನ್ನು ನೂರು ಭಾಗ ಮಾಡಿದರೆ, ಸುಮಾರು 60 ಭಾಗ ಆ ಪಾದ ನೆಲದ ಮೇಲಿರುತ್ತದೆ, 40 ಭಾಗ ಗಾಳಿಯಲ್ಲಿರುತ್ತದೆ. ಎರಡೂ ಪಾದ ಒಟ್ಟಿಗೆ ನೆಲ ಮುಟ್ಟಿರೋದು 20 ಭಾಗ ಮಾತ್ರ. ಉಳಿದಷ್ಟೂ ಹೊತ್ತು ನಾವು ಒಂಟಿ ಕಾಲಲ್ಲಿ ನಿಂತಿರುತ್ತೇವೆ! ಬೀಳಲು ಹೊರಟು, ಬೀಳುವ ಮೊದಲು ಇನ್ನೊಂದು ಕಾಲು ಬಂದು ಹಿಡಿದುಕೊಳ್ಳೋದು. ಜೀವಮಾನವಿಡೀ ಇದನ್ನೇ ಮಾಡುತ್ತಾ ಬಂದಿದ್ದೆ. ಒಂದು ಸಲವೂ ನನಗೆ ಅದು ತಟ್ಟಿರಲಿಲ್ಲ.

ಕಾಲಿಗೆ ಗೊತ್ತಿರುತ್ತೆ ಅಂದಳಲ್ಲ, ಅದೂ ನಿಜ. ಅಂಗಗಳು ಎಲ್ಲಿವೆ, ಎಷ್ಟು ಬಾಗಿವೆ ಅನ್ನೋ ಸುದ್ದಿಯನ್ನು ಸ್ನಾಯು, ಕೀಲು, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳಲ್ಲಿ ಇರುವ ನರಗಳು ಮಿದುಳಿಗೆ ಕಳಿಸುತ್ತಲೇ ಇರುತ್ತವೆ. ಅದಕ್ಕೇ ಕಣ್ಣು ಮುಚ್ಚಿಕೊಂಡರೂ ನಮ್ಮ ಕೈ ಮೂಗಿನ ತುದಿಗೆ ಸರಿಯಾಗಿ ಹೋಗುತ್ತದೆ. ಕೀಲಿಗೆ ಪೆಟ್ಟಾದಾಗ ಈ ಅರಿವೂ ಮಂಕಾಗುತ್ತದೆ. ಮತ್ತೆ ಚುರುಕು ಮಾಡಲು ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲಿಸುತ್ತಿದ್ದಳು. ಮೊದಲ ದಿನ ಎರಡು ಸೆಕೆಂಡ್ ನಿಂತೆ. ಆ ಎರಡು ಸೆಕೆಂಡಿನಲ್ಲಿ ಪಾದದೊಳಗೆ ಎಷ್ಟು ಗಡಿಬಿಡಿ! ಹೊರ ಅಂಚು ಒತ್ತುತ್ತದೆ, ಹೆಬ್ಬೆರಳು ನೆಲ ಕಚ್ಚುತ್ತದೆ, ಹಿಮ್ಮಡಿ ಜರುಗುತ್ತದೆ. ನನ್ನನ್ನು ನಿಲ್ಲಿಸಲು ಕೆಳಗೆ ಇಷ್ಟೆಲ್ಲ ನಡೀತಿದೆ ಅಂತ ಗೊತ್ತಾದಾಗ ಕಣ್ಣಲ್ಲಿ ನೀರು ಬಂತು. ಯಾಕೆ ಅಂತ ಈಗಲೂ ಸರಿಯಾಗಿ ಹೇಳಲಾರೆ.

ನಡೀತಿದೆ. ಈ ಮಾತು ಆಗಿನಿಂದ ನನ್ನನ್ನು ಬಿಟ್ಟಿಲ್ಲ. ಕಾಲಲ್ಲಿ ನಡೆಯೋದಕ್ಕೂ, ಸುತ್ತ ಏನೋ ಒಂದು ಆಗುತ್ತಿರೋದಕ್ಕೂ ಕನ್ನಡದಲ್ಲಿ ಒಂದೇ ಮಾತು. ಮದುವೆ ನಡೆಯುತ್ತದೆ, ಗಲಾಟೆ ನಡೆಯುತ್ತದೆ, ಮಗು ನಡೆಯುತ್ತದೆ. ಯಾರಾದರೂ ಸಿಕ್ಕಿದರೆ "ಏನ್ ನಡೀತಿದೆ?" ಅಂತ ಕೇಳುತ್ತೇವೆ. ಒಬ್ಬರ ಗುಣ ಹೇಳಬೇಕಾದರೂ ಅವರ ನಡೆ, ನಡತೆ ಅಂತಲೇ ಹೇಳೋದು. ಇಷ್ಟು ವರ್ಷ ನಾನು ನಡೆದಿದ್ದೆ. ಆದರೆ ನಡೀತಿರೋದು ಏನು ಅಂತ ನೋಡಿರಲಿಲ್ಲ.

ಬೀಳುವ ಮೊದಲೂ ನನಗೆ ವಾಕಿಂಗ್ ಅಭ್ಯಾಸ ಇತ್ತು. ಕಿವಿಗೆ ಇಯರ್‌ಫೋನ್, ಕೈಗೆ ಹೆಜ್ಜೆ ಎಣಿಸೋ ವಾಚು. ದಿನಕ್ಕೆ 10,000 ಹೆಜ್ಜೆ ಆಗಲೇಬೇಕು. ರಾತ್ರಿ ಹತ್ತೂವರೆಗೆ 9,200 ತೋರಿಸಿದರೆ ಮನೆಯೊಳಗೇ ಹಾಲಿನಿಂದ ಅಡುಗೆಮನೆಗೆ ಓಡಾಡಿ ಮುಗಿಸುತ್ತಿದ್ದೆ. ಮಲಗಿದ್ದ ಆರು ವಾರದಲ್ಲಿ ಈ ಹತ್ತು ಸಾವಿರ ಎಲ್ಲಿಂದ ಬಂತು ಅಂತ ಹುಡುಕಿದೆ. 1965ರಲ್ಲಿ ಜಪಾನಿನ ಒಂದು ಕಂಪನಿ ಸೊಂಟಕ್ಕೆ ಕಟ್ಟಿಕೊಳ್ಳೋ ಹೆಜ್ಜೆ ಎಣಿಕೆಯ ಯಂತ್ರ ಮಾರುಕಟ್ಟೆಗೆ ಬಿಟ್ಟಿತ್ತು. ಅದರ ಹೆಸರು 'ಮಾನ್‌ಪೊ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ನೆನಪಿಡಲು ಸುಲಭ, ಹೇಳಲು ಚೆನ್ನ. ಆ ಅಂಕಿ ಹಾಗೇ ಜಗತ್ತಿಗೆಲ್ಲ ಹಬ್ಬಿತು. 2019ರಲ್ಲಿ ಅಮೆರಿಕದಲ್ಲಿ 16,000ಕ್ಕೂ ಹೆಚ್ಚು ವಯಸ್ಸಾದ ಹೆಂಗಸರನ್ನು ಗಮನಿಸಿದ ಅಧ್ಯಯನ ಬಂತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400ರಷ್ಟು ನಡೆಯುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. 7,500ರ ಹತ್ತಿರ ಬಂದ ಮೇಲೆ ಇನ್ನಷ್ಟು ನಡೆದರೂ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎಣಿಸೋದು ತಪ್ಪು ಅಂತ ನಾನು ಹೇಳೋದಿಲ್ಲ. ಎಣಿಕೆಯ ಆಸೆಗಾದರೂ ಮನೆಯಿಂದ ಹೊರಗೆ ಬಂದವರು ಎಷ್ಟೋ ಜನ. ನನ್ನ ವಿಷಯದಲ್ಲಿ ಮಾತ್ರ ಆ ಅಂಕಿ ಹೆಜ್ಜೆಯನ್ನೇ ನುಂಗಿತ್ತು.

ಕೋಲು ಹಿಡಿದು ಮನೆಯ ಮುಂದಿನ ರಸ್ತೆಗೆ ಇಳಿದ ದಿನ ನನ್ನ ಗುರಿ ಎದುರಿನ ದೀಪದ ಕಂಬ. ಹೋಗಿ ಬರಲು ನೂರು ಹೆಜ್ಜೆ ಇರಬಹುದು. ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ನಿಧಾನಕ್ಕೆ ನಡೆದರೆ ಏನಾಗುತ್ತದೆ ಗೊತ್ತಾ? ರಸ್ತೆ ಉದ್ದ ಆಗುತ್ತದೆ. ಫುಟ್‌ಪಾತಿನ ಏಳನೇ ಚಪ್ಪಡಿ ಎಡಕ್ಕೆ ವಾಲಿದೆ ಅಂತ ತಿಳಿಯಿತು. ಅದರ ಮೇಲೆ ಭಾರ ಬಿಟ್ಟರೆ ಒಳಗೆ ಟೊಳ್ಳು ಇರೋ ಹಾಗೆ 'ಡುಬ್' ಅನ್ನುತ್ತದೆ. ಗೋಡೆಯ ಬಿರುಕಿನಿಂದ ಇರುವೆಗಳ ಸಾಲು ಹೊರಟು ರಸ್ತೆ ದಾಟುವ ಗೋಜಿಗೆ ಹೋಗದೆ ಗೋಡೆ ಅಂಚಿನಲ್ಲೇ ಕಂಬದವರೆಗೆ ಹೋಗುತ್ತದೆ. ಎರಡು ಇರುವೆ ಎದುರಾದಾಗ ಅರೆ ಗಳಿಗೆ ನಿಂತು ಮೀಸೆ ತಾಗಿಸಿ ಮುಂದೆ ಸಾಗುತ್ತವೆ. ಆ ದಿನ ಅವುಗಳದ್ದೂ ನನ್ನದೂ ಹೆಚ್ಚುಕಡಿಮೆ ಒಂದೇ ವೇಗ. ಕಂಬ ಮುಟ್ಟಿದಾಗ ಬೆವರು ಇಳಿಯುತ್ತಿತ್ತು. ಕೈಯಲ್ಲಿ ಕಬ್ಬಿಣ ತಣ್ಣಗಿತ್ತು. ಇಷ್ಟು ಖುಷಿಯಾಗಿ ಎಷ್ಟು ವರ್ಷವಾಯ್ತು ಅಂತ ಲೆಕ್ಕ ಹಾಕಲು ಹೋಗಿ, ಸಿಗದೆ ಬಿಟ್ಟುಬಿಟ್ಟೆ.

ಇದನ್ನೇ ಈಗ 'ಮೈಂಡ್‌ಫುಲ್ ವಾಕಿಂಗ್' ಅಂತ ಕರೆಯುತ್ತಾರೆ ಅಂತ ಆಮೇಲೆ ತಿಳಿಯಿತು. ಹೆಸರು ಹೊಸದು, ಅಭ್ಯಾಸ ಹಳೆಯದು. ಪಾಳಿ ಭಾಷೆಯಲ್ಲಿರುವ 'ಸತಿಪಟ್ಠಾನ ಸುತ್ತ' ಎಂಬ ಉಪದೇಶದಲ್ಲಿ ಬುದ್ಧ ಭಿಕ್ಷುಗಳಿಗೆ ಹೇಳುವುದು ಬಹಳ ಸರಳ: ನಡೆಯುವಾಗ 'ನಡೆಯುತ್ತಿದ್ದೇನೆ' ಎಂದು ಅರಿತಿರು, ನಿಂತಾಗ 'ನಿಂತಿದ್ದೇನೆ' ಎಂದು ಅರಿತಿರು. ಹಿಂದಕ್ಕೂ ಮುಂದಕ್ಕೂ ಒಂದೇ ದಾರಿಯಲ್ಲಿ ನಡೆಯುವ ಈ ಧ್ಯಾನಕ್ಕೆ ಚಂಕಮಣ ಅಂತ ಹೆಸರು. ಅದರಿಂದ ಐದು ಲಾಭ ಅಂತ ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಬರುತ್ತದೆ. ದೂರ ಪ್ರಯಾಣಕ್ಕೆ ಮೈ ಪಳಗುತ್ತದೆ, ಸಾಧನೆಗೆ ಬಲ ಬರುತ್ತದೆ, ಕಾಯಿಲೆ ಕಡಿಮೆ, ತಿಂದದ್ದು ಚೆನ್ನಾಗಿ ಅರಗುತ್ತದೆ. ಐದನೆಯದು ನನಗೆ ಇಷ್ಟ: ನಡೆಯುತ್ತಾ ಸಿಕ್ಕ ಏಕಾಗ್ರತೆ ಬಹಳ ಕಾಲ ಉಳಿಯುತ್ತದೆ. ಕೂತು ಕಣ್ಣು ಮುಚ್ಚಿ ಮಾಡುವ ಧ್ಯಾನ ನನಗೆ ಎಂದೂ ಹಿಡಿದಿರಲಿಲ್ಲ. ಕಣ್ಣು ಬಿಟ್ಟುಕೊಂಡೇ, ಮೈ ಆಡಿಸುತ್ತಲೇ ಮಾಡಬಹುದು ಅನ್ನೋದು ನನಗೆ ದೊಡ್ಡ ನೆಮ್ಮದಿ.

2022ರಲ್ಲಿ ತೀರಿಕೊಂಡ ವಿಯೆಟ್ನಾಮಿನ ಬೌದ್ಧ ಗುರು ತಿಕ್ ನ್ಯಾಟ್ ಹಾನ್ 1982ರಲ್ಲಿ ಫ್ರಾನ್ಸಿನಲ್ಲಿ ಪ್ಲಮ್ ವಿಲೇಜ್ ಎಂಬ ಆಶ್ರಮ ಕಟ್ಟಿ, ನಡಿಗೆಯ ಈ ಧ್ಯಾನವನ್ನು ದಶಕಗಳ ಕಾಲ ಜನಸಾಮಾನ್ಯರಿಗೆ ಹೇಳಿಕೊಟ್ಟವರು. ಉಸಿರಿಗೂ ಹೆಜ್ಜೆಗೂ ಗಂಟು ಹಾಕೋದು ಅವರ ಕ್ರಮ. ಉಸಿರು ಒಳಗೆ ಹೋಗುವಾಗ ಎಷ್ಟು ಹೆಜ್ಜೆ ಆಗುತ್ತದೆ, ಹೊರಗೆ ಬರುವಾಗ ಎಷ್ಟು ಅಂತ ಸುಮ್ನೆ ನೋಡಬೇಕು. ಎಳೆದು ಹೊಂದಿಸಬಾರದು. ನನಗೆ ಒಳಗೆ ಮೂರು, ಹೊರಗೆ ನಾಲ್ಕು ಬರುತ್ತದೆ. ಏರು ದಾರಿಯಲ್ಲಿ ಎರಡು, ಎರಡು. ಕೋಪ ಬಂದ ದಿನ ಲೆಕ್ಕವೇ ಸಿಗುವುದಿಲ್ಲ. ಆ ದಿನ ಕೋಪ ಬಂದಿದೆ ಅಂತ ನನಗೆ ಮೊದಲು ಹೇಳೋದು ನನ್ನ ಹೆಜ್ಜೆಯೇ.

ಮನಸ್ಸು ನಿಲ್ಲುತ್ತದೆಯಾ? ಇಲ್ಲ. ಮೂರು ಹೆಜ್ಜೆ ಕಾಲಿನ ಜೊತೆ ಇರುತ್ತದೆ. ನಾಲ್ಕನೇ ಹೆಜ್ಜೆಗೆ ನಾಳಿನ ಮೀಟಿಂಗಿಗೋ ಹತ್ತು ವರ್ಷದ ಹಿಂದೆ ಯಾರೋ ಅಂದ ಮಾತಿಗೋ ಹೊರಟುಹೋಗಿರುತ್ತದೆ. ಹಾರ್ವರ್ಡಿನ ಇಬ್ಬರು ಮನಶ್ಶಾಸ್ತ್ರಜ್ಞರು 2,250 ಜನರ ಫೋನಿಗೆ ದಿನದ ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಕಳಿಸಿ ಕೇಳಿದ್ದರು: ಈಗ ಏನು ಮಾಡುತ್ತಿದ್ದೀರಿ, ಅದನ್ನೇ ಯೋಚಿಸುತ್ತಿದ್ದೀರಾ, ಹೇಗನ್ನಿಸುತ್ತಿದೆ? 2010ರಲ್ಲಿ ಬಂದ ಅದರ ಫಲಿತಾಂಶದಲ್ಲಿ ಶೇಕಡಾ 47ರಷ್ಟು ಹೊತ್ತು ಜನರ ಮನಸ್ಸು ಮಾಡುತ್ತಿರುವ ಕೆಲಸ ಬಿಟ್ಟು ಬೇರೆಲ್ಲೋ ಇತ್ತು. ಹಾಗೆ ಅಲೆಯುವಾಗ ಅವರ ಖುಷಿ ಕಡಿಮೆಯೇ ಇತ್ತು. ಸಿಹಿ ಸಂಗತಿಯನ್ನೇ ನೆನೆಯುತ್ತಿದ್ದರೂ ಕೈಯಲ್ಲಿರುವ ಕೆಲಸದಲ್ಲಿ ಮನಸ್ಸಿಟ್ಟವರಿಗಿಂತ ಜಾಸ್ತಿ ಖುಷಿ ಇರಲಿಲ್ಲ. ಇದನ್ನು ಓದಿದಾಗ ನನಗೆ ನನ್ನ ಮೆಟ್ಟಿಲು ನೆನಪಾಯಿತು. ನನ್ನ ಆಯುಷ್ಯದ ಅರ್ಧವನ್ನು ನಾನು ಆ ಕೊನೆಯ ಮೆಟ್ಟಿಲಿನ ಹಾಗೆ ನೋಡದೆ ಇಳಿದಿದ್ದೇನೆ ಅಲ್ವಾ?

ಈಗ ಮನಸ್ಸು ಹೋದರೆ ಹೋಗಲಿ ಅಂತೀನಿ. ಹೋಗಿದೆ ಅಂತ ಗೊತ್ತಾದ ಕೂಡಲೇ ಹಿಮ್ಮಡಿಗೆ ಬರುತ್ತೇನೆ. ಬೈಯುವುದಿಲ್ಲ. ಕೂಸನ್ನು ಕೈ ಹಿಡಿದು ಕರೆದುಕೊಂಡು ಬಂದ ಹಾಗೆ. ನೂರು ಸಲ ಹೋಗುತ್ತದೆ, ನೂರು ಸಲ ಬರುತ್ತದೆ. ಅಭ್ಯಾಸ ಅಂದರೆ ಆ ಬರೋದೇ. ಮೊದಮೊದಲು ನಡಿಗೆಯ ಪೂರ್ತಿ ಹೊತ್ತು ಹೀಗೆ ಇರಬೇಕು ಅಂತ ಹಟ ಹಿಡಿದು ಸುಸ್ತಾಗಿದ್ದೆ. ಈಗ ಮೊದಲ ಮೂವತ್ತು ಹೆಜ್ಜೆ ಮಾತ್ರ ಪಾದಕ್ಕೆ ಕೊಡುತ್ತೇನೆ. ಆಮೇಲೆ ಕಿವಿಗೆ. ಆಮೇಲೆ ಏನು ಸಿಗುತ್ತದೋ ಅದಕ್ಕೆ. ವಾಹನ ಓಡಾಡುವ ರಸ್ತೆಯಲ್ಲಿ ಗಮನವೆಲ್ಲ ಹೊರಗೇ ಇರಬೇಕು, ಅಲ್ಲಿ ಉಸಿರು ಎಣಿಸುತ್ತಾ ಹೋಗಬೇಡಿ. ಗಾಲಿಕುರ್ಚಿಯಲ್ಲಿ ಓಡಾಡುವ ನನ್ನ ಗೆಳತಿಯೊಬ್ಬಳು ಇದನ್ನೇ ಅಂಗೈಯಲ್ಲಿ ಮಾಡುತ್ತಾಳೆ. ಗಾಲಿಯ ಅಂಚು ಅಂಗೈಗೆ ತಾಗೋದು, ತಳ್ಳೋದು, ಬಿಡೋದು. ನನಗಿಂತ ಚೆನ್ನಾಗಿ ಮಾಡುತ್ತಾಳೆ.

ಕಾಲಿಗೆ ಬಲ ಬಂದ ಮೇಲೆ ಒಂದು ಭಯ ಹುಟ್ಟಿತು. ವೇಗ ಮರಳಿ ಬಂದರೆ ಇದೆಲ್ಲ ಹೋಗಿಬಿಡುತ್ತದಾ ಅಂತ. ಭಯ ಸುಳ್ಳಾಗಿರಲಿಲ್ಲ. ಮೂರು ತಿಂಗಳಿಗೆ ಆ ಏಳನೇ ಚಪ್ಪಡಿ ನನಗೆ ಕೇಳಿಸುವುದು ನಿಂತಿತು. 'ಡುಬ್' ಅನ್ನೋದು ಇದ್ದೇ ಇತ್ತು, ನಾನು ಇರಲಿಲ್ಲ. ಪರಿಚಯವಾದದ್ದನ್ನು ಮನಸ್ಸು ನೋಡೋದು ಬಿಟ್ಟುಬಿಡುತ್ತದೆ. ಅದು ಮನಸ್ಸಿನ ತಪ್ಪಲ್ಲ. ಎಲ್ಲವನ್ನೂ ಪ್ರತಿ ದಿನ ಹೊಸದಾಗಿ ನೋಡುತ್ತಾ ಕೂತರೆ ಬದುಕು ಸಾಗುವುದಿಲ್ಲ. ಆದರೆ ಅದಕ್ಕೆ ನಾವು ತೆರುವ ಬೆಲೆ ದೊಡ್ಡದು. 1890ರಷ್ಟು ಹಿಂದೆಯೇ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಇದನ್ನು ಗುರುತಿಸಿದ್ದರು. ಚಿಕ್ಕವರಿದ್ದಾಗ ದಿನಾ ಏನಾದರೂ ಹೊಸದು, ನೆನಪುಗಳು ದಟ್ಟ. ವಯಸ್ಸಾದ ಹಾಗೆ ದಿನಗಳು ರೂಢಿಯಲ್ಲಿ ಕರಗಿ, ಹಿಂದಿರುಗಿ ನೋಡಿದರೆ ವರ್ಷಗಳು ಟೊಳ್ಳಾಗಿ ಕುಸಿದಿರುತ್ತವೆ ಅನ್ನೋದು ಅವರ ಮಾತಿನ ತಿರುಳು. ನನ್ನ ಮೂವತ್ತೈದರಿಂದ ನಲವತ್ತೈದರ ನಡುವಿನ ವರ್ಷಗಳನ್ನು ನೆನೆಸಿಕೊಂಡರೆ ನನಗೂ ಹಾಗೇ ಅನ್ನಿಸುತ್ತದೆ. ಹತ್ತು ವರ್ಷ, ಕೈಗೆ ಸಿಗೋದು ಹತ್ತು ದಿನ. ಪ್ಲಾಸ್ಟರ್ ಬಿಚ್ಚಿದ ನಂತರದ ಮೂರು ತಿಂಗಳು ಮಾತ್ರ ಇಡೀ ವರ್ಷದಷ್ಟು ಉದ್ದ ಇದೆ.

ಹಾಗಾಗಿ ವಾರಕ್ಕೊಮ್ಮೆ ಗೊತ್ತಿಲ್ಲದ ದಾರಿ ಹಿಡಿಯೋದು ಅಂತ ನಿಯಮ ಮಾಡಿಕೊಂಡೆ. ದೇಶ ಸುತ್ತಬೇಕು, ಕೋಶ ಓದಬೇಕು ಅಂತ ನಮ್ಮಲ್ಲಿ ಗಾದೆ ಇದೆಯಲ್ಲ. ನನ್ನ ದೇಶ ಅಂದರೆ ಮನೆಯಿಂದ ಎರಡು ಮೂರು ಕಿಲೋಮೀಟರಿನೊಳಗೆ. ಅಷ್ಟರಲ್ಲೇ ನಾನು ಕಾಲಿಡದ ಎಷ್ಟು ಜಾಗ ಇದ್ದವು ಅಂತ ನೋಡಿ ದಂಗಾದೆ. 2020ರಲ್ಲಿ ನ್ಯೂಯಾರ್ಕ್ ಮತ್ತು ಮಯಾಮಿಯ ಜನರ ಓಡಾಟವನ್ನು ಮೂರು ನಾಲ್ಕು ತಿಂಗಳು ಜಿಪಿಎಸ್‌ನಲ್ಲಿ ಗಮನಿಸಿದ ಅಧ್ಯಯನವೊಂದು ಬಂದಿತ್ತು. ಬೇರೆ ಬೇರೆ ಜಾಗಗಳಲ್ಲಿ ಓಡಾಡಿದ ದಿನ ಅವರಿಗೆ ಖುಷಿ, ಹುರುಪು, ನೆಮ್ಮದಿ ಜಾಸ್ತಿ ಇತ್ತು. ಹೊಸತನ್ನು ಗುರುತಿಸುವ ಮಿದುಳಿನ ಭಾಗಕ್ಕೂ ಖುಷಿಗೆ ಸಂಬಂಧಪಟ್ಟ ಭಾಗಕ್ಕೂ ಯಾರಲ್ಲಿ ಹೊಂದಾಣಿಕೆ ಹೆಚ್ಚೋ ಅವರಲ್ಲಿ ಈ ನಂಟೂ ಗಟ್ಟಿ. ಖುಷಿಯಾಗಿರೋದರಿಂದ ಜಾಸ್ತಿ ಸುತ್ತುತ್ತಾರೋ, ಸುತ್ತಿದ್ದರಿಂದ ಖುಷಿಯೋ? ಎರಡೂ ಒಂದಕ್ಕೊಂದು ದಾರಿ ಮಾಡಿಕೊಡುತ್ತವೆ ಅನ್ನೋದು ನನ್ನ ಅನುಭವ.

ಮಳೆ ನಿಂತ ಕೂಡಲೇ ನಡೆದೆ. ಬೆಳಗಿನ ಜಾವ ನಾಲ್ಕೂವರೆಗೆ ನಡೆದೆ. ಚಪ್ಪಲಿ ಬಿಟ್ಟು ಇಬ್ಬನಿ ಬಿದ್ದ ಹುಲ್ಲಿನ ಮೇಲೆ ನಡೆದೆ. ದಿನಾ ಹೋಗುವ ದಾರಿಯಲ್ಲಿ ತಿರುಗಿ ವಾಪಸ್ ಬಂದೆ, ಎಡಗಡೆ ಇದ್ದದ್ದೆಲ್ಲ ಬಲಕ್ಕೆ ಬಂದು ಊರೇ ಬದಲಾದ ಹಾಗಿತ್ತು. ಇವೆಲ್ಲ ಚೆನ್ನಾಗಿದ್ದವು. ಆದರೆ ನನ್ನನ್ನು ಬದಲಾಯಿಸಿದ್ದು ಕತ್ತಲಲ್ಲಿ ನಡೆದ ಒಂದು ರಾತ್ರಿ.

ಗೆಳತಿಯೊಬ್ಬಳು ಕರೆದಿದ್ದಳು. ದೀಪವೇ ಇಲ್ಲದ ಬಯಲು, ಚಂದ್ರ ಇಲ್ಲದ ರಾತ್ರಿ, ಒಟ್ಟು ಐದು ಜನ. ಟಾರ್ಚ್ ಆರಿಸಿ ಫೋನ್ ಬ್ಯಾಗಿಗೆ ಹಾಕಿ ಅಂದಳು. ಮೊದಲ ಹತ್ತು ನಿಮಿಷ ನನ್ನ ಕೈ ನನಗೇ ಕಾಣಲಿಲ್ಲ. ಅಲ್ಲೇ ಕೂತೆವು. ಮಂದ ಬೆಳಕಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಬೇಕಾಗುತ್ತದೆ. ನಡುವೆ ಒಂದು ಸಲ ಫೋನ್ ಬೆಳಗಿದರೂ ಆ ಹೊಂದಾಣಿಕೆ ಕೆಡುತ್ತದೆ. ಕಾಯುತ್ತಾ ಕೂತಿದ್ದಾಗ ಒಂದೊಂದೇ ಬಂತು. ಮೊದಲು ಆಕಾಶದ ಅಂಚು. ಆಮೇಲೆ ಮರಗಳ ನೆತ್ತಿ. ಆಮೇಲೆ ಕಾಲುದಾರಿ, ಬೂದಿ ಬಣ್ಣದ ಒಂದು ಪಟ್ಟಿ.

ಎದ್ದು ನಡೆಯಲು ಶುರು ಮಾಡಿದೆವು. ದಾರಿ ಪಕ್ಕ ಏನೋ ಬಿಳಿಚಿಕೊಂಡು ನಿಂತ ಹಾಗೆ ಕಂಡಿತು. ಏನದು ಅಂತ ನೇರ ನೋಡಿದೆ. ಮಾಯ! ಕಣ್ಣು ಪಕ್ಕಕ್ಕೆ ತಿರುಗಿಸಿದೆ, ಮತ್ತೆ ಬಂತು. ನೋಡಿದೆ, ಮತ್ತೆ ಇಲ್ಲ. ಎದೆ ಹೊಡೆದುಕೊಂಡಿತು. ಗೆಳತಿ ಮೆಲ್ಲಗೆ ಹೇಳಿದಳು, "ನೇರ ನೋಡ್ಬೇಡ. ಸ್ವಲ್ಪ ಪಕ್ಕಕ್ಕೆ ನೋಡು, ಅದೇ ಕಾಣಿಸಿಕೊಳ್ಳುತ್ತೆ." ಕಾರಣವನ್ನೂ ಹೇಳಿದಳು. ನಾವು ನೇರ ನೋಡುವಾಗ ಬಳಸುವ, ಕಣ್ಣಿನ ಒಳಪರದೆಯ ನಟ್ಟನಡುವಿನ ಚುಕ್ಕೆಯಲ್ಲಿ ಬಣ್ಣ ಮತ್ತು ಸೂಕ್ಷ್ಮ ವಿವರ ಹಿಡಿಯುವ ಕೋಶಗಳಿವೆ. ಅವಕ್ಕೆ ಬೆಳಕು ಬೇಕು. ಮಂದ ಬೆಳಕನ್ನು ಹಿಡಿಯುವ ಕೋಶಗಳು ಇರುವುದು ಆ ಚುಕ್ಕೆಯ ಸುತ್ತ. ಮಸುಕಾದ ನಕ್ಷತ್ರ ನೋಡುವವರೂ ಹೀಗೇ ಪಕ್ಕಕ್ಕೆ ನೋಡುತ್ತಾರಂತೆ. ನಾನು ಹಾಗೇ ಮಾಡಿದೆ. ದಾರಿಯ ಆಚೆ ಇದ್ದ ಗಿಡದ ಕಡೆ ಕಣ್ಣಿಟ್ಟು ನಿಂತೆ. ಬಿಳಿಚಿಕೊಂಡಿದ್ದು ನಿಧಾನಕ್ಕೆ ರೂಪ ತಳೆಯಿತು. ಒಂದು ಬಂಡೆ. ಅದರ ಮೇಲೆ ಒಣಗಿದ ಕೊಂಬೆ. ಅಷ್ಟೇ.

ಆ ರಾತ್ರಿ ಎರಡು ಕಿಲೋಮೀಟರ್ ನಡೆದಿರಬಹುದು. ಒಂದು ಸಲವೂ ಎಡವಲಿಲ್ಲ. ಹಿಮ್ಮಡಿ ಮೊದಲು ನೆಲ ಕೇಳುತ್ತಿತ್ತು, ಗಟ್ಟಿಯಾ, ಮಣ್ಣಾ, ಕಲ್ಲಾ ಅಂತ. ಉತ್ತರ ಬಂದ ಮೇಲೆ ಅಂಗಾಲು ಇಳಿಯುತ್ತಿತ್ತು. ಹಗಲು ಹೊತ್ತಿನಲ್ಲಿ ಮೆಟ್ಟಿಲಿಂದ ಬಿದ್ದ ಕಾಲು ಇದೇ.

ಅಕ್ಕನ ವಿಷಯ ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ಅವಳನ್ನೇ ಕೇಳಿದೆ. "ಬರಿ ಕಣೇ, ಜಗಳದ ವಿವರ ಮಾತ್ರ ಬೇಡ" ಅಂದಳು. ಸರಿ. ಅಮ್ಮ ತೀರಿಕೊಂಡ ಮೇಲೆ ನಮ್ಮಿಬ್ಬರ ನಡುವೆ ಮಾತು ಕೆಟ್ಟಿತ್ತು. ಎರಡು ವರ್ಷ. ಹಬ್ಬಹುಣ್ಣಿಮೆಗೆ ಫೋನ್, ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ, ಅಷ್ಟೇ. ಎರಡು ಸಲ ಎದುರೆದುರು ಕೂತು ಮಾತಾಡಿ ಬಗೆಹರಿಸಿಕೊಳ್ಳೋಣ ಅಂತ ಪ್ರಯತ್ನಪಟ್ಟಿದ್ದೆವು. ಎರಡೂ ಸಲ ಇನ್ನಷ್ಟು ಕೆಟ್ಟಿತು. ಅವಳ ಹುಬ್ಬು ಏರಿದ್ದು ನನಗೆ ಕಾಣುತ್ತಿತ್ತು, ನನ್ನ ತುಟಿ ಬಿಗಿದದ್ದು ಅವಳಿಗೆ. ಮಾತಿಗಿಂತ ಮುಂಚೆ ಮುಖಗಳೇ ಜಗಳಕ್ಕೆ ನಿಂತಿದ್ದವು.

ಕತ್ತಲ ನಡಿಗೆಯಾದ ಮಾರನೇ ವಾರ ಅವಳಿಗೆ ಫೋನ್ ಮಾಡಿದೆ. "ಮಾತಾಡೋದು ಏನೂ ಬೇಡ ಅಕ್ಕ. ನಂಜೊತೆ ಒಂದು ವಾಕ್ ಬರ್ತೀಯಾ?" ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಮೊಣಕಾಲು ನೋವು ಕಣೇ ನಂಗೆ." "ನಾನೂ ನಿಧಾನವೇ." "ಸರಿ, ಬಾ."

ಪಕ್ಕಪಕ್ಕ ನಡೆದೆವು. ಒಂದು ಕಿಲೋಮೀಟರ್ ಇಬ್ಬರೂ ಬಾಯಿ ಬಿಡಲಿಲ್ಲ. ಮೊದಮೊದಲು ಆ ಮೌನ ಭಾರ ಇತ್ತು. ಏನಾದರೂ ಹೇಳಿಬಿಡಬೇಕು ಅಂತ ಗಂಟಲಿಗೆ ಬರುತ್ತಿತ್ತು. ಆಗೆಲ್ಲ ಹಿಮ್ಮಡಿಗೆ ಹೋದೆ. ಅವಳ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು, ಬಲಗಾಲು ಜೋರು, ಎಡಗಾಲು ಮೆತ್ತಗೆ. ಎಡ ಮೊಣಕಾಲು ನೋಯುತ್ತಿದೆ, ಭಾರ ಹಾಕುತ್ತಿಲ್ಲ ಅಂತ ಗೊತ್ತಾಯಿತು. ನಾನೂ ನಿಧಾನ ಮಾಡಿದೆ. ಎಲ್ಲೋ ಒಂದು ಕಡೆ ನಮ್ಮಿಬ್ಬರ ಹೆಜ್ಜೆ ಒಂದಾಯಿತು. ಯಾರೂ ಹೊಂದಿಸಿದ್ದಲ್ಲ. ಪಕ್ಕಪಕ್ಕ ನಡೆಯುವವರಿಗೆ ತಿಳಿಯದೆಯೇ ಎಷ್ಟೋ ಸಲ ಹಾಗಾಗುತ್ತದೆ.

ಆಮೇಲೆ ಅಕ್ಕ ಎದುರಿನ ದಾರಿಯನ್ನೇ ನೋಡುತ್ತಾ ಹೇಳಿದಳು, "ಕೊನೇ ದಿನ ಅಮ್ಮ ನಿನ್ನ ಕೇಳಿದ್ಲು. ನಿಂಗೆ ಹೇಳ್ಲೇ ಇಲ್ಲ ನಾನು."

ಎದುರು ಕೂತಿದ್ದರೆ ಈ ಮಾತಿಗೆ ನನ್ನ ಮುಖ ಏನಾಗುತ್ತಿತ್ತೋ. ಅವಳು ನೋಡುತ್ತಿರಲಿಲ್ಲ. ನಾನೂ ನೋಡುತ್ತಿರಲಿಲ್ಲ. ಇಬ್ಬರ ಕಣ್ಣೂ ದಾರಿಯ ಮೇಲಿತ್ತು. "ಏನಂದ್ಲು?" ಅಂದೆ. ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಇನ್ನರ್ಧ ಕಿಲೋಮೀಟರ್ ಇಬ್ಬರೂ ಅಳುತ್ತಾ ನಡೆದೆವು, ನಿಲ್ಲಲಿಲ್ಲ. ನಿಂತಿದ್ದರೆ ಮುಂದಿನ ಮಾತು ಬರುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಬಗೆಹರಿಯಬೇಕಾದದ್ದು ಎಲ್ಲ ಆ ದಿನವೇ ಬಗೆಹರಿಯಲಿಲ್ಲ. ಕೆಲವು ಇನ್ನೂ ಇವೆ. ಆದರೆ ಆ ಬಿಳಿಚಿಕೊಂಡ ಬಂಡೆಯ ಹಾಗೆ, ಅದು ಏನು ಅಂತ ಇಬ್ಬರಿಗೂ ಕಂಡಿತು.

ಈಗ ವಾರಕ್ಕೊಮ್ಮೆ ನಡೆಯುತ್ತೇವೆ. ಪ್ರತಿ ಸಲ ಬೇರೆ ಕಡೆ. ಎಲ್ಲ ದಿನವೂ ಚೆನ್ನಾಗಿರುತ್ತದೆ ಅಂತಲ್ಲ. ಕೆಲವು ದಿನ ಅವಳ ಮೊಣಕಾಲು, ಕೆಲವು ದಿನ ನನ್ನ ಮನಸ್ಸು. ಒಬ್ಬಳೇ ನಡೆಯುವ ದಿನಗಳಲ್ಲೂ ಹಾಗೇ. ಗಮನವಿಟ್ಟು ನಡೆದರೆ ಬರೀ ಖುಷಿಯೇ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಇಯರ್‌ಫೋನ್ ತೆಗೆದ ಮೊದಲ ತಿಂಗಳು ನನಗೆ ಸಿಕ್ಕಿದ್ದು ಅಮ್ಮನ ನೆನಪು, ಅದೂ ಎದೆ ಹಿಂಡುವ ಹಾಗೆ. ಅಷ್ಟು ದಿನ ಹಾಡು ಹಾಕಿಕೊಂಡು ಅದನ್ನು ಮುಚ್ಚಿಟ್ಟಿದ್ದೆ ಅಂತ ಆಗ ತಿಳಿಯಿತು. ಅದು ಬಂದು ಹೋಗಲು ದಾರಿ ಬೇಕಿತ್ತು, ನಡಿಗೆ ಆ ದಾರಿ ಕೊಟ್ಟಿತು. ತಡೆಯಲಾರದಷ್ಟು ಆದರೆ ನಡಿಗೆಯೊಂದನ್ನೇ ನೆಚ್ಚಬೇಡಿ, ಯಾರ ಜೊತೆಗಾದರೂ ಮಾತಾಡಿ.

ಇತ್ತೀಚೆಗೆ ಓದಿದ ಇನ್ನೊಂದು ಅಧ್ಯಯನ ನನಗೆ ತುಂಬಾ ಹಿಡಿಸಿತು. 2020ರದ್ದು, ವಯಸ್ಸಾದವರ ಮೇಲೆ ಮಾಡಿದ್ದು. ಎಂಟು ವಾರ, ವಾರಕ್ಕೊಮ್ಮೆಯಾದರೂ ಹದಿನೈದು ನಿಮಿಷ ನಡೆಯಬೇಕು. ಅರ್ಧ ಜನಕ್ಕೆ ಬರೀ ನಡೆಯಿರಿ ಅಂದರು. ಇನ್ನರ್ಧ ಜನಕ್ಕೆ, ಹೋದಲ್ಲೆಲ್ಲ ಬೆರಗು ಹುಟ್ಟಿಸುವಂಥದ್ದು ಏನಿದೆ ಅಂತ ಮಗುವಿನ ಕಣ್ಣಲ್ಲಿ ನೋಡುತ್ತಾ ನಡೆಯಿರಿ, ಆದಷ್ಟು ಹೊಸ ಜಾಗಕ್ಕೆ ಹೋಗಿ ಅಂದರು. ಎಲ್ಲರೂ ನಡಿಗೆಯ ನಡುವೆ ಸೆಲ್ಫಿ ತೆಗೆದು ಕಳಿಸಬೇಕಿತ್ತು. ಬೆರಗಿನಿಂದ ನಡೆದವರಿಗೆ ದಿನನಿತ್ಯದ ಬದುಕಿನಲ್ಲೂ ಕೃತಜ್ಞತೆ, ಇನ್ನೊಬ್ಬರ ಬಗ್ಗೆ ಕರುಣೆ ಹೆಚ್ಚಿತು. ಅವರ ಫೋಟೋಗಳಲ್ಲೂ ಒಂದು ಬದಲಾವಣೆ ಕಂಡಿತು. ವಾರ ಕಳೆದ ಹಾಗೆ ಚಿತ್ರದಲ್ಲಿ ಅವರು ಚಿಕ್ಕವರಾಗುತ್ತಾ ಹೋದರು, ಸುತ್ತಲಿನ ಜಾಗ ದೊಡ್ಡದಾಗುತ್ತಾ ಹೋಯಿತು. ನಗು ಮಾತ್ರ ಅಗಲವಾಯಿತು.

ಇದನ್ನು ಅಕ್ಕನಿಗೆ ಹೇಳಿರಲಿಲ್ಲ. ಕಳೆದ ವಾರ ಒಂದು ಸಣ್ಣ ಗುಡ್ಡ ಹತ್ತಿದೆವು. ಅವಳ ಮೊಣಕಾಲಿಗೆ ಅದು ದೊಡ್ಡ ಗುಡ್ಡವೇ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ನಿಂತಾಗಲೆಲ್ಲ ಏನಾದರೂ ತೋರಿಸುತ್ತಿದ್ದಳು, ಕಲ್ಲಿನ ಮೇಲಿನ ಹಾವಸೆ, ಇಳಿಜಾರಿನಲ್ಲಿ ನಮ್ಮ ನೆರಳು ಮುರಿದು ಬಿದ್ದದ್ದು. ಇಳಿಯುವಾಗ ಕಷ್ಟ ಆಗುತ್ತೆ ಅಂತ ಹತ್ತುವಾಗಲೇ ಹೆದರಿದ್ದಳು. "ಹಿಮ್ಮಡಿ ಮೊದಲು ಅಕ್ಕ" ಅಂತ ನಾನು ಹೇಳಿಕೊಡುತ್ತಿದ್ದೆ. ಮೇಲೆ ಹೋಗಿ ಒಂದು ಬಂಡೆ ಮೇಲೆ ಕೂತೆವು. ಗಾಳಿ ಜೋರಾಗಿತ್ತು. ಅವಳು ಫೋನ್ ತೆಗೆದು, ಕೈ ಉದ್ದ ಚಾಚಿ, ಇಬ್ಬರದ್ದೂ ಒಂದು ಫೋಟೋ ಹಿಡಿದಳು.

ಇಬ್ಬರೂ ಬಗ್ಗಿ ನೋಡಿದೆವು. ಕೆಳಗಿನ ಮೂಲೆಯಲ್ಲಿ ನನ್ನ ಹಣೆ, ಅವಳ ನಗುವ ಅರ್ಧ ಮುಖ. ಉಳಿದದ್ದೆಲ್ಲ ಆಕಾಶ.

"ಸರಿಯಾಗಿ ಬಂದಿಲ್ಲ ಕಣೇ, ಇರು, ಇನ್ನೊಂದು ತೆಗೀತೀನಿ" ಅಂದಳು.

ಬೇಡ ಅಕ್ಕ, ಇದೇ ಇರಲಿ ಅಂದೆ.